ಜೂಡೋ ಕಲಿತಳು, ಕುರಾಶ್ ಪದಕ ಗೆದ್ದಳು

ತಿಪಟೂರು ಬಳಿಯ ಹೊನ್ನವಳ್ಳಿ ಕಡೆಯ ಹುಡುಗಿಯೊಬ್ಬಳು ಜೂಡೋ ಕಲಿಯಬೇಕೆಂದು ಹಟ ಹಿಡಿದಳು ಅನ್ನಿ. ಕಬಡ್ಡಿಗೂ ಕೊಕ್ಕೊಗೂ ಶಾಲೆಯ ಬಯಲು ಸಾಕು, ಜೂಡೋಗೆ ಸಾಲದು. ಎತ್ತಿ ಒಗೆದರೆ ಬೆನ್ನು ತಾಳುವಂಥ ಮ್ಯಾಟು, ಜಗ್ಗಿದರೂ ಹರಿಯದ ದಪ್ಪ ಅಂಗಿ, ಹೆಚ್ಚುಕಡಿಮೆ ತನ್ನಷ್ಟೇ ತೂಕದ ಜೊತೆಗಾತಿ, ಮೊದಲು ಬೀಳುವುದನ್ನು ಹೇಳಿಕೊಡುವ ಕೋಚ್ ಬೇಕು. ಕರ್ನಾಟಕದಲ್ಲಿ ಇವೆಲ್ಲ ಕೂಡಿಬಂದ ಊರುಗಳಲ್ಲಿ ಬೆಳಗಾವಿ ಒಂದು. ತಿಪಟೂರಿನಲ್ಲಿ ರೈಲು ಹತ್ತಿದರೆ ಅರಸೀಕೆರೆ, ಹುಬ್ಬಳ್ಳಿ ದಾಟಿ ಅಲ್ಲಿಗೆ ಹೋಗಬಹುದು.

ಬೆಳಗಾವಿ ಬಳಿಯ ತುರಮುರಿ ಎಂಬ ಹಳ್ಳಿಯ ರೈತ ಕುಟುಂಬದ ಮಗಳು ಮಲಪ್ರಭಾ ಜಾಧವ್. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಬೆಳಗಾವಿ ಕೇಂದ್ರದಲ್ಲಿ ಜೂಡೋ ಕಲಿತವರು. ಅವರಿಗೆ ದೊಡ್ಡ ಹೆಸರು ತಂದ ಪದಕ ಮಾತ್ರ ಜೂಡೋದ್ದಲ್ಲ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಕುರಾಶ್ ಎಂಬ ಕುಸ್ತಿ ಮೊದಲ ಸಲ ಸೇರಿತು. ಆಗಸ್ಟ್ 28ರಂದು ಮಹಿಳೆಯರ 52 ಕೆ.ಜಿ. ವಿಭಾಗದಲ್ಲಿ ಮಲಪ್ರಭಾ ಕಂಚು ಗೆದ್ದರು. ಅದೇ ವಿಭಾಗದ ಬೆಳ್ಳಿ ದೆಹಲಿಯ ಪಿಂಕಿ ಬಲ್ಹಾರಾ ಪಾಲಾಯಿತು, ಚಿನ್ನ ಉಜ್ಬೇಕಿಸ್ತಾನದ ಗುಲ್ನೋರ್ ಸುಲೈಮಾನೋವಾ ಪಾಲಾಯಿತು. ಪಿಂಕಿಯೂ ಜೂಡೋದಿಂದಲೇ ಬಂದವರು.

ಎರಡು ಆಟ, ಒಂದೇ ಪಟ್ಟು

ಕುರಾಶ್ ಮಧ್ಯ ಏಷ್ಯಾದ ಹಳೆಯ ಕುಸ್ತಿ. ಜೂಡೋ, ಕುರಾಶ್ ಎರಡರಲ್ಲೂ ಎದುರಾಳಿಯ ಅಂಗಿ ಹಿಡಿದು, ಅವಳ ತೂಕದ ಸಮತೋಲ ಕೆಡಿಸಿ, ಬೆನ್ನು ನೆಲಕ್ಕೆ ತಾಗುವಂತೆ ಒಗೆಯಬೇಕು. ಅಂಥ ಪೂರ್ಣ ಒಗೆತಕ್ಕೆ ಜೂಡೋದಲ್ಲಿ ಇಪ್ಪೊನ್ ಎನ್ನುತ್ತಾರೆ, ಕುರಾಶ್‌ನಲ್ಲಿ ಹಲಾಲ್. ಆಟ ಅಲ್ಲಿಗೇ ಮುಗಿಯಿತು. ಜೂಡೋದಲ್ಲಿ ಇನ್ನೂ ಒಂದು ದಾರಿಯುಂಟು: ನೆಲದ ಮೇಲೆ 20 ಸೆಕೆಂಡು ಅದುಮಿ ಹಿಡಿದರೆ, ಇಲ್ಲವೇ ಮೊಣಕೈ ಕೀಲಿಗೋ ಕುತ್ತಿಗೆಗೋ ಪಟ್ಟು ಹಾಕಿ ಸೋಲೊಪ್ಪಿಸಿದರೆ ಗೆಲುವು. ಕುರಾಶ್‌ನಲ್ಲಿ ನೆಲದ ಕಾದಾಟವೇ ಇಲ್ಲ; ನಿಂತೇ ಗೆಲ್ಲಬೇಕು. ಜೂಡೋದಲ್ಲಿ ವರ್ಷಗಟ್ಟಲೆ ನಿಂತು ಒಗೆಯುವುದರಲ್ಲಿ ಪಳಗಿದವರಿಗೆ ಹೊಸ ಕಣ ಪರಕೀಯವಲ್ಲ.

ಹೆಂಗಸರಿಗೆ ತಡವಾಗಿ ತೆರೆದ ಬಾಗಿಲು

ಜಪಾನಿನ ಕಾನೊ ಜಿಗೊರೊ ಜೂಡೋ ಶಾಲೆ ತೆರೆದದ್ದು 1882ರಲ್ಲಿ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಂಡಸರು ಜೂಡೋ ಆಡಿದರು. ಹೆಂಗಸರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1980ರಲ್ಲಿ, ಒಲಿಂಪಿಕ್ಸ್ ಪದಕದ ಪಟ್ಟಿಗೆ ಅವರು ಸೇರಿದ್ದು 1992ರಲ್ಲಿ. ಭಾರತದ ಪರವಾಗಿ 2012ರಲ್ಲಿ ಗರಿಮಾ ಚೌಧರಿ, ಮುಂದೆ ಮತ್ತೆ ಟೋಕಿಯೊದಲ್ಲೇ ನಡೆದ ಕೂಟದಲ್ಲಿ ಮಣಿಪುರದ ಸುಶೀಲಾ ದೇವಿ, 2024ರಲ್ಲಿ ತೂಲಿಕಾ ಮಾನ್ ಒಲಿಂಪಿಕ್ಸ್ ಕಣಕ್ಕಿಳಿದರು. ಸುಶೀಲಾ 2014 ಮತ್ತು 2022ರ ಕಾಮನ್‌ವೆಲ್ತ್ ಕೂಟಗಳಲ್ಲಿ ಬೆಳ್ಳಿ ಗೆದ್ದವರು.

ದಾರಿ ಹೇಗೆ?

ಮಲಪ್ರಭಾ ಬದುಕಿನಿಂದ ನಮ್ಮ ಸೀಮೆಯವರು ತಿಳಿಯಬೇಕಾದ್ದು ಇಷ್ಟು: ಹುಡುಗಿಯ ಕಸುವು ತೋಟದ ಮನೆಯಲ್ಲೂ ಬೆಳೆದೀತು, ಅದು ಆಟವಾಗಲು ಮ್ಯಾಟು, ಕೋಚ್, ದಿನದ ಕಸರತ್ತು ಬೇಕು. ಕ್ರೀಡಾ ಇಲಾಖೆ ತನ್ನ ವಸತಿ ನಿಲಯಗಳಿಗೆ ಶಾಲಾ ವಯಸ್ಸಿನಲ್ಲೇ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸುತ್ತದೆ. ಆಸೆಯಿದ್ದವರು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಕಣದಿಂದ ಇಳಿದ ಮೇಲೂ ದಾರಿ ಮುಚ್ಚುವುದಿಲ್ಲ: ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಡಿಪ್ಲೊಮಾ ಮುಗಿಸಿದರೆ ಕೋಚ್ ಆಗಬಹುದು. ಅಂಥ ಕೋಚ್ ಊರಿಗೇ ಮರಳಿದರೆ ಹೊನ್ನವಳ್ಳಿಯ ಮಕ್ಕಳಿಗೆ ಜೂಡೋ ಕಲಿಯಲು ಬೆಳಗಾವಿಗೇ ಹೋಗಬೇಕೆಂದೇನೂ ಇರುವುದಿಲ್ಲ.