ದೆವ್ವಕ್ಕೆ ಹೊಡೆದ ಗುಂಡು

ಕಣಕ್ಕೆ ಕಾಫಿ ಬಿದ್ದಿದೆ. ಅಂಗಳದಲ್ಲಿ ಅಡಿಕೆ ಹರವಿದೆ. ಸದಸ್ಯ ಬಾಂಧವರ ಮನೆಗಳಲ್ಲಿ ಈಗ ರಾತ್ರಿಯ ನಿದ್ದೆ ಎಂಬುದು ಪಾಳಿಯ ಮೇಲೆ ನಡೆಯುವ ವ್ಯವಹಾರ. ಮೊನ್ನೆ ಸಂಘದ ಕಚೇರಿಯ ಜಗಲಿಯಲ್ಲಿ ತೂಕದ ಸರದಿಗೆ ಕಾಯುತ್ತಿದ್ದ ನಾಲ್ಕಾರು ಮಂದಿಯ ನಡುವೆ ಕಳ್ಳರ ಮಾತು ಬಂತು. ಒಬ್ಬರ ತೋಟದಲ್ಲಿ ಹಸಿ ಕೊನೆಯನ್ನೇ ಇಳಿಸಿಕೊಂಡು ಹೋಗಿದ್ದರಂತೆ. ಇನ್ನೊಬ್ಬರ ಕಣದಿಂದ ಒಣಗಿದ ಕಾಳುಮೆಣಸು ಚೀಲ ಸಮೇತ ಮಾಯ. "ಎಂತ ಮಾರಾಯ್ರೆ, ಬೆಳ್ಳಗೆ ಏನು ಕಂಡರೂ ಒಂದು ಈಡು ಬಿಟ್ಟರೆ ಆಯ್ತು. ಮತ್ತೆ ಯಾವನೂ ಬರುವುದಿಲ್ಲ" ಎಂದು ಒಬ್ಬ ಸದಸ್ಯರು ತೀರ್ಪು ಕೊಟ್ಟರು. "ಬೆಳ್ಳಗೆ ಕಂಡದ್ದು ದೆವ್ವ ಆಗಿದ್ದರೆ?" ಎಂದು ಮತ್ತೊಬ್ಬರು. "ದೆವ್ವಕ್ಕೂ ಒಂದು ಬಿಡುವುದು. ತೋಟಾ ಒಂದೇ ಅಲ್ಲವಾ ಖರ್ಚು?" ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ದೆವ್ವಕ್ಕೆ ಗುಂಡು ಹೊಡೆದವನೊಬ್ಬನ ಕಥೆ ನಮಗೆ ಆಗಲೇ ನೆನಪಾಗಿತ್ತು. ಅದು ಕಟ್ಟುಕಥೆಯಲ್ಲ, ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ ದಾಖಲೆಯಲ್ಲಿ ಇರುವ ಸಂಗತಿ. ತೂಕದ ಗದ್ದಲದಲ್ಲಿ ಹೇಳಲು ಆಗಲಿಲ್ಲವಾದ್ದರಿಂದ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಹ್ಯಾಮರ್‌ಸ್ಮಿತ್ ಎಂಬುದು ಇಂದು ಲಂಡನ್ ಮಹಾನಗರದ ಒಂದು ಗಿಜಿಗುಟ್ಟುವ ಭಾಗ. 1803ರಲ್ಲಿ ಅದು ಊರ ಹೊರಗಿನ ಹಳ್ಳಿ. ಎರಡೂ ಕಡೆ ಬೇಲಿ ಬೆಳೆದ ಓಣಿಗಳು, ನಡುವೆ ಒಂದು ಚರ್ಚು, ಅದಕ್ಕೆ ತಾಗಿ ಸ್ಮಶಾನ. ಬೀದಿ ದೀಪದ ಮಾತೇ ಇಲ್ಲ. ಲಂಡನ್ನಿನ ಪಾಲ್ ಮಾಲ್ ಬೀದಿಗೆ ಗ್ಯಾಸ್ ದೀಪ ಬಂದದ್ದೇ 1807ರಲ್ಲಿ ಎಂದ ಮೇಲೆ ಈ ಹಳ್ಳಿಯ ಕತ್ತಲೆಯನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಕರೆಂಟು ಹೋದ ರಾತ್ರಿಯ ನಮ್ಮ ತೋಟದ ದಾರಿಯನ್ನೇ ನೆನೆದುಕೊಂಡರೆ ಸಾಕು.

ಆ ವರ್ಷದ ಕೊನೆಯಲ್ಲಿ ಹಳ್ಳಿಗೆ ದೆವ್ವದ ಕಾಟ ಶುರುವಾಯಿತು. ವರ್ಷದ ಹಿಂದೆ ಒಬ್ಬ ಆತ್ಮಹತ್ಯೆ ಮಾಡಿಕೊಂಡಿದ್ದ. ಅಂಥವರನ್ನು ಚರ್ಚಿನ ಪವಿತ್ರ ಮಣ್ಣಿನಲ್ಲಿ ಹೂಳಿದರೆ ಆತ್ಮಕ್ಕೆ ಶಾಂತಿ ಇಲ್ಲವೆಂದು ಆ ಜನರ ನಂಬಿಕೆ. ಹೂಳಿದ್ದು ಅಲ್ಲಿಯೇ. ಹೀಗಾಗಿ ದೆವ್ವ ಯಾರದ್ದು ಎಂಬ ವಿಷಯದಲ್ಲಿ ಊರಿನಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಭಿನ್ನಾಭಿಪ್ರಾಯ ಇದ್ದದ್ದು ಅದರ ಉಡುಪಿನ ಬಗ್ಗೆ. ಕೆಲವರು ತಲೆಯಿಂದ ಕಾಲಿನವರೆಗೆ ಬಿಳಿ ಎಂದರು. ಇನ್ನು ಕೆಲವರು ಕರುವಿನ ಚರ್ಮ, ಎರಡು ಕೊಂಬು, ಗಾಜಿನ ಕಣ್ಣು ಎಂದರು. ದೆವ್ವಕ್ಕೂ ವಾರದ ಬಟ್ಟೆ, ಹಬ್ಬದ ಬಟ್ಟೆ ಎಂದು ಬೇರೆ ಬೇರೆ ಇದ್ದಿರಬೇಕು.

ಥಾಮಸ್ ಗ್ರೂಮ್ ಎಂಬ ಸಾರಾಯಿ ಭಟ್ಟಿಯ ಆಳು ಸ್ಮಶಾನದ ದಾರಿಯಾಗಿ ಬರುವಾಗ ಸಮಾಧಿಯೊಂದರ ಹಿಂದಿನಿಂದ ಏನೋ ಎದ್ದು ಅವನ ಕುತ್ತಿಗೆ ಹಿಸುಕಿತು. ಅವನು ತಿರುಗಿ ಗುದ್ದಿದ. ಕೈಗೆ ದೊಡ್ಡ ಕೋಟಿನಂಥ ಮೆತ್ತಗಿನ ವಸ್ತು ತಾಗಿತೆಂದು ಅವನೇ ಮುಂದೆ ನ್ಯಾಯಾಲಯದಲ್ಲಿ ಹೇಳಿದ್ದಾನೆ. ದೆವ್ವಕ್ಕೂ ಚಳಿಯಾಗುತ್ತದೆಯೇ ಎಂದು ಯಾರೂ ಆಗ ಕೇಳಿದಂತಿಲ್ಲ. ಎಂಟು ಕುದುರೆಯ ಗಾಡಿಯಲ್ಲಿ ಹದಿನಾರು ಮಂದಿಯನ್ನು ಕೂರಿಸಿಕೊಂಡು ಬರುತ್ತಿದ್ದ ಗಾಡಿಯವನು ದೆವ್ವ ಕಂಡ ಕೂಡಲೇ ಕುದುರೆ, ಗಾಡಿ, ಜನ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಓಡಿದನೆಂದು ಅಂದಿನ ಪತ್ರಿಕೆಗಳು ಬರೆದವು. ಗರ್ಭಿಣಿಯೊಬ್ಬಳು ಹೆದರಿ ಮಲಗಿದವಳು ಏಳಲೇ ಇಲ್ಲ ಎಂದೂ ಬರೆದವು. ಅಲ್ಲಿಂದ ಮುಂದೆ ನಗೆ ಕಡಿಮೆಯಾಗಿ ಊರಿನ ಗಂಡಸರು ಕೋಲು, ಕೋವಿ ಹಿಡಿದು ಪಾಳಿಯಲ್ಲಿ ಕಾವಲು ಕೂರತೊಡಗಿದರು.

ಡಿಸೆಂಬರ್ 29ರ ರಾತ್ರಿ ಊರಿನ ಗಸ್ತು ಕಾವಲುಗಾರ ವಿಲಿಯಂ ಗರ್ಡ್ಲರ್ ದೆವ್ವವನ್ನು ಕಂಡು ಬೆನ್ನಟ್ಟಿದ. ಅದು ಮೈಮೇಲಿನ ಬಿಳಿ ಬಟ್ಟೆಯನ್ನು ಕಿತ್ತು ಕೈಯಲ್ಲಿ ಹಿಡಿದು ಓಡಿ ತಪ್ಪಿಸಿಕೊಂಡಿತು. ದೆವ್ವ ಮನುಷ್ಯನೇ ಎಂದು ಇಷ್ಟರಲ್ಲಿ ಖಾತ್ರಿಯಾಗಬೇಕಿತ್ತು. ಭಯ ಒಮ್ಮೆ ಊರಿನಲ್ಲಿ ಬೇರು ಬಿಟ್ಟ ಮೇಲೆ ಸಾಕ್ಷ್ಯವೆಲ್ಲ ಅದಕ್ಕೆ ಗೊಬ್ಬರವೇ ಆಗುತ್ತದೆ.

ಈಗ ಕಥೆಯ ನಾಯಕ ಬರುತ್ತಾನೆ. ಹೆಸರು ಫ್ರಾನ್ಸಿಸ್ ಸ್ಮಿತ್, ವಯಸ್ಸು 29, ಕೆಲಸ ಅಬಕಾರಿ ಇಲಾಖೆಯಲ್ಲಿ ಅಧಿಕಾರಿ. ಒಳ್ಳೆಯ ಮನುಷ್ಯ, ಮೃದು ಸ್ವಭಾವದವನು ಎಂದು ಅವನ ಪರವಾಗಿ ಸಾಕ್ಷಿ ಹೇಳಿದವರು ಹಲವರು. 1804ರ ಜನವರಿ 3ರ ರಾತ್ರಿ ಹತ್ತೂವರೆಯ ಹೊತ್ತಿಗೆ ಅವನು ವೈಟ್ ಹಾರ್ಟ್ ಎಂಬ ಹೆಂಡದಂಗಡಿಯಲ್ಲಿ ಗರ್ಡ್ಲರ್‌ನನ್ನು ಕಂಡು, ತಾನು ದೆವ್ವ ಹಿಡಿಯಲು ಹೋಗುತ್ತಿರುವುದಾಗಿ ಹೇಳಿದ. ಹನ್ನೊಂದು ಗಂಟೆ ಕೂಗಿದ ಮೇಲೆ ತಾನೂ ಬರುವುದಾಗಿ ಗರ್ಡ್ಲರ್ ಒಪ್ಪಿದ. ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಹೊಡೆದುಕೊಳ್ಳಬಾರದಲ್ಲ? ಅದಕ್ಕಾಗಿ ಸಂಕೇತದ ಮಾತನ್ನೂ ಗೊತ್ತು ಮಾಡಿಕೊಂಡರು. ಒಬ್ಬ "ಯಾರು ಬರುತ್ತಿರುವುದು?" ಎನ್ನಬೇಕು, ಇನ್ನೊಬ್ಬ "ಸ್ನೇಹಿತ" ಎನ್ನಬೇಕು. ಏರ್ಪಾಡು ಬಹಳ ಚೆನ್ನಾಗಿತ್ತು. ಊರಿನ ಉಳಿದವರಿಗೆ ಅದು ತಿಳಿದಿರಲಿಲ್ಲ ಎಂಬುದೊಂದೇ ಕೊರತೆ.

ಅದೇ ರಾತ್ರಿ ಬ್ಲ್ಯಾಕ್ ಲಯನ್ ಓಣಿಯಲ್ಲಿ ಥಾಮಸ್ ಮಿಲ್‌ವುಡ್ ಎಂಬ ಗಾರೆ ಕೆಲಸದವನು ತಂದೆ ತಾಯಿ ಮತ್ತು ತಂಗಿಯನ್ನು ನೋಡಿಕೊಂಡು ಹೊರಟಿದ್ದ. ಗಾರೆಯವರ ಉಡುಪು ಆಗ ಪೂರ್ತಿ ಬಿಳಿ. ಚೆನ್ನಾಗಿ ಒಗೆದ ಬಿಳಿ ಷರಾಯಿ, ಹೊಸ ಬಿಳಿ ಫ್ಲಾನಲ್ ಅಂಗಿ, ಮೇಲೊಂದು ಬಿಳಿ ಏಪ್ರನ್. ಬೋರ್ಡೋ ಹೊಡೆದು ಸಂಜೆ ತೋಟದಿಂದ ಹೊರಬರುವ ನಮ್ಮ ಔಷಧಿ ಹೊಡೆಯುವವರನ್ನು ನೆನೆಸಿಕೊಳ್ಳಿ. ಸುಣ್ಣ ಎಲ್ಲ ದೇಶದಲ್ಲೂ ಸುಣ್ಣವೇ. ಹಿಂದಿನ ಶನಿವಾರವಷ್ಟೇ ಸಾರೋಟಿನಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು, ಒಬ್ಬ ಗಂಡಸು ಇವನನ್ನು ಕಂಡು "ಅಗೋ ದೆವ್ವ!" ಎಂದಿದ್ದರು. "ನಿನ್ನಷ್ಟೇ ಮನುಷ್ಯ ನಾನು, ಗುದ್ದು ಬೇಕೆ?" ಎಂಬ ಅರ್ಥದ ಉತ್ತರವನ್ನು ಇವನು ಕೊಟ್ಟಿದ್ದ. ಇದನ್ನು ಮನೆಯಲ್ಲಿ ಹೇಳಿದಾಗ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೇಲೊಂದು ದೊಡ್ಡ ಕೋಟು ಹಾಕಿಕೊಂಡು ಓಡಾಡೆಂದು ಬುದ್ಧಿ ಹೇಳಿದಳು. ಅಳಿಯ ಕೇಳಲಿಲ್ಲ. ಅತ್ತೆಯ ಮಾತು ಕೇಳದ ಅಳಿಯಂದಿರು ನಮ್ಮಲ್ಲೂ ಇದ್ದಾರೆ, ಆದರೆ ಅವರಿಗೆ ಇಷ್ಟು ದೊಡ್ಡ ದಂಡ ಬಿದ್ದದ್ದನ್ನು ನಾವು ಕಂಡಿಲ್ಲ.

ಮಿಲ್‌ವುಡ್‌ನ ತಂಗಿ ಬಾಗಿಲಲ್ಲೇ ನಿಂತಿದ್ದಳು. ಕತ್ತಲೆಯಿಂದ ಒಂದು ದನಿ ಕೇಳಿಸಿತು: ಯಾರು ನೀನು, ಏನು ನೀನು, ಹೇಳದಿದ್ದರೆ ಸುಡುತ್ತೇನೆ. ಅಣ್ಣನ ಉತ್ತರ ಕೇಳಿಸಲಿಲ್ಲ. ಈಡು ಕೇಳಿಸಿತು. ಗುಂಡು ಎಡ ದವಡೆಗೆ ಬಿದ್ದು ಮಿಲ್‌ವುಡ್ ಅಲ್ಲಿಯೇ ಪ್ರಾಣ ಬಿಟ್ಟ. ಹತ್ತಿರ ಹೋಗಿ ನೋಡಿದ ಸ್ಮಿತ್‌ಗೆ ತಾನು ಏನು ಮಾಡಿದೆನೆಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಓಡಿಹೋಗದೆ ತಾನಾಗಿಯೇ ಒಪ್ಪಿಸಿಕೊಂಡ.

ಹತ್ತೇ ದಿನದಲ್ಲಿ, ಜನವರಿ 13ರಂದು, ವಿಚಾರಣೆ. ತಾಲೂಕು ಕೋರ್ಟಿನಲ್ಲಿ ಗಡಿ ತಕರಾರಿಗೆ ತಾತನ ಕಾಲದಿಂದ ಅಲೆಯುತ್ತಿರುವ ನಮ್ಮ ಸದಸ್ಯರು ಈ ವೇಗವನ್ನು ಗಮನಿಸಬೇಕು. ಜ್ಯೂರಿಯ ಹನ್ನೆರಡು ಮಂದಿ ಒಂದು ಗಂಟೆಗೂ ಮೀರಿ ಯೋಚಿಸಿ, ಇದು ಕೊಲೆಯಲ್ಲದ ನರಹತ್ಯೆ ಎಂದರು. ಮುಖ್ಯ ನ್ಯಾಯಾಧೀಶ ಸರ್ ಆರ್ಚಿಬಾಲ್ಡ್ ಮ್ಯಾಕ್‌ಡೊನಾಲ್ಡ್ ಒಪ್ಪಲಿಲ್ಲ. ಒಂದೋ ಕೊಲೆ, ಇಲ್ಲವೋ ಬಿಡುಗಡೆ, ನಡುವಿನ ದಾರಿ ಇಲ್ಲ ಎಂದರು. ಅವರು ಹೇಳಿದ ಇನ್ನೊಂದು ಮಾತು ನಮ್ಮ ಜಗಲಿಯ ಸಭೆಗೆ ನೇರವಾಗಿ ತಾಗುತ್ತದೆ. ಸತ್ತವನು ನಿಜವಾಗಿಯೂ ದೆವ್ವದ ವೇಷದ ಕಿಡಿಗೇಡಿಯೇ ಆಗಿದ್ದರೂ, ಜನರನ್ನು ಹೆದರಿಸುವುದು ಒಂದು ಸಣ್ಣ ಅಪರಾಧ. ಅದಕ್ಕೆ ಮರಣದಂಡನೆ ವಿಧಿಸುವ ಅಧಿಕಾರ ಕೋವಿ ಹಿಡಿದ ಯಾವನಿಗೂ ಇಲ್ಲ. ಜ್ಯೂರಿಯವರು ವಿಧಿಯಿಲ್ಲದೆ ಕೊಲೆ ಎಂದು ತಿದ್ದಿದರು. ಗಲ್ಲು, ಬಳಿಕ ಶರೀರವನ್ನು ವೈದ್ಯರ ಕತ್ತರಿಗೆ ಒಪ್ಪಿಸುವುದು ಎಂದು ತೀರ್ಪಾಯಿತು. ಆದರೆ ಆ ಸಂಜೆಯೇ ರಾಜನ ಕಡೆಯಿಂದ ತಡೆ ಬಂದು, ಕೊನೆಗೆ ಶಿಕ್ಷೆ ಒಂದು ವರ್ಷದ ಕಠಿಣ ಸಜೆಗೆ ಇಳಿಯಿತು.

ಹಾಗಾದರೆ ದೆವ್ವ ಯಾರು? ಗುಂಡಿನ ಸುದ್ದಿ ಹರಡಿದ ಮೇಲೆ ಜಾನ್ ಗ್ರಹಾಂ ಎಂಬ ಮುದುಕ ತಾನಾಗಿಯೇ ಒಪ್ಪಿಕೊಂಡ. ವೃತ್ತಿಯಲ್ಲಿ ಮೋಚಿ. ಅವನ ಕೈಕೆಳಗೆ ಕೆಲಸ ಕಲಿಯುವ ಹುಡುಗರು ಅವನ ಮಕ್ಕಳಿಗೆ ದೆವ್ವದ ಕಥೆ ಹೇಳಿ ಹೆದರಿಸುತ್ತಿದ್ದರಂತೆ. ಅವರಿಗೆ ಪಾಠ ಕಲಿಸಲು ಮುದುಕ ಬಿಳಿ ದುಪ್ಪಟಿ ಹೊದ್ದು ಹೊರಟ. ಹುಡುಗರು ಪಾಠ ಕಲಿತರೋ ಇಲ್ಲವೋ, ಊರಿಗೆ ಊರೇ ಕಲಿಯಿತು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಬಾಗಿಲಿಗೆ "ನಾಳೆ ಬಾ" ಎಂದು ಬರೆದು ದೆವ್ವವನ್ನು ದಿನದಿನವೂ ಮುಂದೂಡಿದ್ದು ಹಲವರಿಗೆ ನೆನಪಿರಬಹುದು. ಸರ್ಕಾರಿ ಕಚೇರಿಯ ಉತ್ತರವನ್ನೇ ದೆವ್ವಕ್ಕೂ ಕೊಟ್ಟ ನಮ್ಮವರ ಉಪಾಯ ಹ್ಯಾಮರ್‌ಸ್ಮಿತ್‌ನವರಿಗೆ ಹೊಳೆದಿದ್ದರೆ ಮಿಲ್‌ವುಡ್ ಉಳಿಯುತ್ತಿದ್ದ.

ಇಂಗ್ಲೆಂಡಿನ ಕಾಯಿದೆಯಲ್ಲಿ ಈ ಪ್ರಶ್ನೆ ಬಹುಕಾಲ ಎಳೆದಾಡಿತು. ಪ್ರಾಮಾಣಿಕವಾಗಿ ತಪ್ಪು ತಿಳಿದು ಬಲ ಪ್ರಯೋಗ ಮಾಡಿದವನನ್ನು ಹೇಗೆ ನೋಡಬೇಕೆಂಬುದು ಒಂದು ನೆಲೆಗೆ ಬಂದದ್ದು 1983ರ ಒಂದು ಮೇಲ್ಮನವಿಯ ತೀರ್ಪಿನಲ್ಲಿ. ನಮ್ಮಲ್ಲಿ 1860ರ ದಂಡಸಂಹಿತೆಯ 79ನೇ ಕಲಮು ಇದಕ್ಕೆಂದೇ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 17ನೇ ಕಲಮು ಇದೆ. ಸಂಗತಿಯನ್ನು ತಪ್ಪು ತಿಳಿದು, ಆದರೆ ಸದ್ಭಾವನೆಯಿಂದ, ತಾನು ಮಾಡುವುದು ನ್ಯಾಯವೆಂದು ನಂಬಿ ಮಾಡಿದ್ದು ಅಪರಾಧವಲ್ಲ ಎಂದು ಅದರ ಸಾರ. ಸದ್ಭಾವನೆ ಎಂದರೆ ಬರೀ ಒಳ್ಳೆಯ ಮನಸ್ಸಲ್ಲ. ತಕ್ಕ ಎಚ್ಚರ, ಗಮನ ಇರಬೇಕೆಂದು ಕಾಯಿದೆಯೇ ಹೇಳುತ್ತದೆ.

ಆ ಕಲಮಿಗೂ ಒಂದು ದೆವ್ವದ ಮೊಕದ್ದಮೆ ಸಿಕ್ಕಿತು. ಇಲ್ಲಿ ನಗುವಿಗೆ ಜಾಗ ಕಡಿಮೆ. ಒಡಿಶಾದ ರಾಸಗೋವಿಂದಪುರದಲ್ಲಿ ಯುದ್ಧಕಾಲದ ಪಾಳು ವಿಮಾನ ನಿಲ್ದಾಣ. ಅಲ್ಲಿ ದೆವ್ವಗಳಿವೆಯೆಂದು ಸುತ್ತಲಿನ ಹಳ್ಳಿಗಳ ನಂಬಿಕೆ. 1958ರ ಮೇ ತಿಂಗಳಲ್ಲಿ ಗುಜರಿ ಕೊಳ್ಳಲು ಕಲ್ಕತ್ತದಿಂದ ಬಂದ ವ್ಯಾಪಾರಿಗೆ ದೆವ್ವ ನೋಡುವ ಆಸೆ ಹುಟ್ಟಿತು. ತನ್ನ ನೇಪಾಳಿ ಆಳನ್ನೂ ಟೀ ಅಂಗಡಿಯವನನ್ನೂ ಕರೆದುಕೊಂಡು ನಡುರಾತ್ರಿ ಹೊರಟ. ದೂರದಲ್ಲಿ ಗಾಳಿಗೆ ಓಲಾಡುವ ಒಂದು ಬೆಳಕು, ಅದರ ಸುತ್ತ ಕುಣಿಯುವ ಆಕೃತಿಗಳು. ಆಳು ಎಲ್ಲರಿಗಿಂತ ಮುಂದೆ ಓಡಿ ಖುಕ್ರಿ ಬೀಸಿದ. ಅವು ದೆವ್ವಗಳಲ್ಲ. ಲಾಂದ್ರ ಇಟ್ಟುಕೊಂಡು ಹಿಪ್ಪೆ ಮರದ ಕೆಳಗೆ ಹೂ ಆಯುತ್ತಿದ್ದ ಆದಿವಾಸಿ ಹೆಂಗಸರು. ಒಬ್ಬಳು ಸತ್ತಳು, ಇಬ್ಬರಿಗೆ ಭಾರಿ ಗಾಯ. ಹಿಂದಿನಿಂದ ಓಡಿ ಬಂದ ಟೀ ಅಂಗಡಿಯವನಿಗೂ ಏಟು. ಸೆಷನ್ಸ್ ನ್ಯಾಯಾಲಯ ಆಳನ್ನು ಬಿಟ್ಟಿತು, ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಇನ್ನಷ್ಟು ಎಚ್ಚರ ವಹಿಸಿದ್ದರೆ ಅನಾಹುತ ತಪ್ಪುತ್ತಿತ್ತು ಎಂಬ ಮಾತ್ರಕ್ಕೆ ರಕ್ಷಣೆ ನಿರಾಕರಿಸಲಾಗದು ಎಂದಿತು. ಹೂವಿಗೆ ಹೋದವಳ ಮನೆಗೆ ಆ ತೀರ್ಪನ್ನು ಓದಿ ಹೇಳಿದವರು ಯಾರೋ.

ಆದರೆ ದೆವ್ವವೆಂದು ನಂಬಿ ಬಿಡುಗಡೆಯಾದವನ ಉದಾಹರಣೆ ಕಣದ ಕಾವಲಿಗೆ ಸಲ್ಲುವುದಿಲ್ಲ. ನಾವು ಕಾಯುವುದು ಕಳ್ಳನನ್ನು, ಕಳ್ಳ ಮನುಷ್ಯನೆಂದು ನಮಗೆ ಗೊತ್ತು. ಅವನು ಮೇಲೆ ಬಿದ್ದು ಪ್ರಾಣಕ್ಕೋ ಭಾರಿ ಗಾಯಕ್ಕೋ ಹೆದರಿಕೆ ಹುಟ್ಟಿಸಿದರೆ ಮಾತು ಬೇರೆ. ಅಡಿಕೆ ಚೀಲ ಹೊತ್ತು ಓಡುವವನನ್ನು ಕೊಲ್ಲುವ ಹಕ್ಕನ್ನು ಕಾಯಿದೆ ಯಾರಿಗೂ ಕೊಟ್ಟಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಇದ್ದವರಿಗೂ ಇಲ್ಲ, ಪರವಾನಗಿಯಿಂದಲೇ ವಿನಾಯಿತಿ ಪಡೆದ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇಲ್ಲ.

ಇಷ್ಟು ಬರೆದ ಮೇಲೆ ನಮ್ಮದೂ ಒಂದನ್ನು ಒಪ್ಪಿಕೊಳ್ಳಬೇಕು. 2020ರ ಡಿಸೆಂಬರ್. ಗ್ರಾಮ ಪಂಚಾಯತಿ ಚುನಾವಣೆಯೆಂದು ಕೋವಿ ಠಾಣೆಯಲ್ಲಿ ಠೇವಣಿ. ಎರಡು ರಾತ್ರಿಯ ನಿದ್ದೆಗೆಟ್ಟು ಕಣದ ಮೂಲೆಯಲ್ಲಿ ಕುಳಿತಿದ್ದೆವು. ಎರಡು ಗಂಟೆಯ ಹೊತ್ತಿಗೆ ಪಲ್ಪರ್ ಮನೆಯ ಹಿಂದಿನಿಂದ ಬೆಳ್ಳಗೆ, ತಲೆ ಚೂಪಾದ ಒಂದು ಆಕೃತಿ ಸದ್ದಿಲ್ಲದೆ ಬಂತು. "ಯಾರದು?" ಎಂದೆವು. ಉತ್ತರವಿಲ್ಲ. ಎರಡನೆಯ ಸಲ ಕೂಗಲು ಗಂಟಲು ಏಳಲಿಲ್ಲ. ಕೈ ತಾನಾಗಿಯೇ ಪಕ್ಕದಲ್ಲಿ ಕೋವಿ ಇರಬೇಕಾದ ಜಾಗವನ್ನು ತಡಕಿತು. ಸಿಕ್ಕಿದ್ದು ಟಾರ್ಚು. ಹಾಕಿದರೆ, ದೆವ್ವದ ತಲೆಯ ಮೇಲೆ "ಯೂರಿಯಾ, ಸಾರಜನಕ ಶೇಕಡಾ 46" ಎಂದು ಅಚ್ಚಾಗಿತ್ತು. ಇಬ್ಬನಿಗೆಂದು ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡ ನೆರೆಮನೆಯವರು. ಕಿವಿಗೆ ಬಿಗಿದ ಮಫ್ಲರ್ ಬಿಚ್ಚುತ್ತ, "ನಮ್ಮ ಕಡಸು ಹಗ್ಗ ಹರಿದುಕೊಂಡು ಈ ಕಡೆ ಬಂತಾ ಮಾರಾಯ್ರೆ?" ಎಂದು ಕೇಳಿದರು.

ಕೋವಿ ಮನೆಯಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮನೆಯವರು ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತ ಕೇಳಿದರು. ಉತ್ತರ ಹೇಳದೆ ಕಾಫಿ ಕುಡಿದೆವು. ಚುನಾವಣೆ ಮುಗಿದು ಕೋವಿ ಮರಳಿ ಬಂತು. ಈಗ ಅದು ಕಪಾಟಿನಲ್ಲಿದೆ, ಕಣಕ್ಕೆ ಬರುವುದು ಮೂರು ಸೆಲ್ಲಿನ ಟಾರ್ಚು ಮತ್ತು ನಾಯಿ. ನೆರೆಮನೆಯವರಿಗೆ ವಿಷಯವನ್ನೆಲ್ಲ ವಿವರವಾಗಿ ಹೇಳಿದೆವು. ಅಂದಿನಿಂದ ಅವರು ರಾತ್ರಿ ನಮ್ಮ ಗಡಿ ದಾಟುವಾಗ ಯಕ್ಷಗಾನದ ಪದವನ್ನು ಗಟ್ಟಿಯಾಗಿ ಹಾಡುತ್ತಲೇ ಬರುತ್ತಾರೆ. ಶ್ರುತಿ ಸ್ವಲ್ಪ ಕಷ್ಟ. ನಮ್ಮ ನಾಯಿ ಹಿಮ್ಮೇಳ ಕೊಡುತ್ತದೆ.