ಅಂಗಿ ಮೇಲೆ ಗಾಡ್‌ಫಾದರ್ ಕಲೆ!

‘ದಿ ಗಾಡ್‌ಫಾದರ್’ (1972) ನೋಡಿದ್ದೀರಲ್ಲ? ಅದರಲ್ಲಿ ಕ್ಲೆಮೆಂಜಾ, ಮೈಕೇಲನಿಗೆ ಅಡುಗೆ ಹೇಳಿಕೊಡ್ತಾನೆ. ಬೆಳ್ಳುಳ್ಳಿ, ಟೊಮ್ಯಾಟೊ, ಮಾಂಸದ ಉಂಡೆ... ಇಪ್ಪತ್ತು ಜನಕ್ಕಾಗುವಷ್ಟು!

ಆ ರುಚಿ ನೋಡಲೆಂದೇ ಭದ್ರಾವತಿಯ ಓಲ್ಡ್ ಟೌನಿನಿಂದ ಬೆಂಗಳೂರು ಬಸ್ ಹತ್ತಿದೆ. ಭಾರೀ ಹೋಟೆಲು, ಮಂದ ಬೆಳಕು. ಮೆನು ನೋಡಿದ್ದೇ ಜೇಬು ನಡುಗಿತು! ಬಂತು ಸ್ಪಗೆಟಿ, ನಮ್ಮ ಶಾವಿಗೆಯ ಅಣ್ಣ. ಫೋರ್ಕಿಗೆ ಸುತ್ತಿದರೆ ಜಾರುತ್ತೆ, ಎತ್ತಿದರೆ ಅಂಗಿ ಮೇಲೆ ಕೆಂಪು ಕಲೆ. ಥೇಟ್ ಗುಂಡೇಟು ತಿಂದ ಖಳನಾಯಕ! ಪಕ್ಕದ ಮೇಜಿನವರು ನಕ್ಕರು. ನಾಚಿಕೆಯಿಂದ ಕುಗ್ಗಿಹೋದೆ.

ಆದರೆ ಸ್ವಾಮಿ, ಇದು ಸಾಹುಕಾರರ ಊಟವೇ ಅಲ್ಲ! ಹೊಟ್ಟೆಪಾಡಿಗೆ ಇಟಲಿ ಬಿಟ್ಟು ಅಮೆರಿಕಕ್ಕೆ ಹೋದ ಬಡವರು, ಅಲ್ಲಿ ಮಾಂಸ ಅಗ್ಗವೆಂದು ಸ್ಪಗೆಟಿ ಮೇಲೆ ಉಂಡೆ ಇಟ್ಟು ಉಂಡರು. ದುಡಿಯುವವರ ಊಟ ಇದು.

ನಮ್ಮೂರ ಕಥೆಯೂ ಅದೇ ತಾನೆ? ಹೊಳೆಯಾಚೆ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಕೆಲಸ ಹುಡುಕಿ ತಮಿಳರು, ತೆಲುಗರು ಬಂದರು. ಅವರ ಒಗ್ಗರಣೆ ನಮ್ಮ ಬೀದಿಯ ಘಮವಾಯ್ತು. ನಟ ದೊಡ್ಡಣ್ಣನವರೂ ಆ ಕಾರ್ಖಾನೆಯಲ್ಲಿ ದುಡಿದೇ ಬೆಳ್ಳಿತೆರೆಗೆ ಬಂದವರು!

ನೆನಪಾದದ್ದೇ ತಡ, ಬೆನ್ನು ನೆಟ್ಟಗಾಯ್ತು. ಫೋರ್ಕ್ ಪಕ್ಕಕ್ಕಿಟ್ಟು ಚಮಚದಲ್ಲೇ ತಟ್ಟೆ ಖಾಲಿ ಮಾಡಿದೆ. ಬಿಲ್ ತೆತ್ತು ರಾತ್ರಿ ಬಸ್ ಹಿಡಿದೆ.

ಕಲೆ ಇನ್ನೂ ಹೋಗಿಲ್ಲ. ಇರಲಿ ಬಿಡಿ!