ಥೈರಾಯ್ಡ್: ಚೀನೀ ಮದ್ದು ಕಂಡದ್ದು, ಇಂಗ್ಲಿಷ್ ಮದ್ದು ಅಳೆದದ್ದು

ನಮ್ಮ ಮನೆಗಳಲ್ಲಿ ಈಗ ಥೈರಾಯ್ಡ್ ಎಂಬ ಮಾತು ಶುಗರ್, ಬಿಪಿಯಷ್ಟೇ ಪರಿಚಿತ. ಕಪಾಟಿನಲ್ಲಿರುವ ಆ ಸಣ್ಣ ಮಾತ್ರೆ ಹೆಚ್ಚಾಗಿ ಮನೆಯ ಹೆಂಗಸರದ್ದೇ. "ಇದನ್ನು ಜೀವನಪೂರ್ತಿ ತಿನ್ನಬೇಕಾ, ಬೇರೆ ಮದ್ದು ಇಲ್ಲವಾ?" ಎಂದು ಅವರು ಕೇಳುವುದು ಸಹಜ. ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ಜಾಹೀರಾತು ಬಂದಿರುತ್ತದೆ: ಚೀನಾದ ಪುರಾತನ ಮೂಲಿಕೆ, ಸಮುದ್ರ ಪಾಚಿಯ ಕ್ಯಾಪ್ಸೂಲ್, ಕೆಲವೇ ತಿಂಗಳಲ್ಲಿ ಗುಣ. ಇದನ್ನು ನಂಬಿ ಮಾತ್ರೆ ಬಿಡುವ ಮೊದಲು ಎರಡೂ ವೈದ್ಯಪದ್ಧತಿಗಳು ಏನು ಹೇಳುತ್ತವೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಥೈರಾಯ್ಡ್ ಎಂದರೆ ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಆಹಾರದಲ್ಲಿನ ಅಯೋಡಿನ್ ಹೀರಿಕೊಂಡು ಅದು ಹಾರ್ಮೋನ್ ತಯಾರಿಸುತ್ತದೆ. ಹಾರ್ಮೋನ್ ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನ ಏರುಪೇರು. ಹೆಚ್ಚಾದರೆ ಎದೆ ಬಡಿತ ಜೋರಾಗುವುದು, ಕೈ ನಡುಕ, ಬೆವರು, ತೂಕ ಇಳಿಯುವುದು.

ಸಮುದ್ರದಿಂದ ದೂರದ ಗುಡ್ಡಗಾಡುಗಳಲ್ಲಿ ಗಂಟಲು ಊದುವ ಗಳಗಂಡ ರೋಗ ಚೀನಾದವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಅದಕ್ಕೆ ಮದ್ಯದಲ್ಲಿ ನೆನೆಸಿದ ಸಮುದ್ರ ಪಾಚಿಯನ್ನು ಸೂಚಿಸಿದ್ದ. ಏಳನೇ ಶತಮಾನದ ಸುನ್ ಸಿಮಿಯಾವೊ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನೇ ಮದ್ದಾಗಿ ಬರೆದಿಟ್ಟ. ಅಯೋಡಿನ್ ಎಂಬ ಹೆಸರೂ ಇಲ್ಲದ ಕಾಲದಲ್ಲಿ ಇದು ಸಣ್ಣ ತಿಳಿವಳಿಕೆಯಲ್ಲ.

ಆದರೆ ಅವರು ಕೊಟ್ಟ ಕಾರಣ ಬೇರೆ. ದೇಹದಲ್ಲಿ ಹರಿಯುವ 'ಚಿ' ಎಂಬ ಶಕ್ತಿ ತಡೆದು ನಿಂತು, ಕಫ ಕಟ್ಟಿ ಗಂಟಲು ಊದುತ್ತದೆ ಎಂಬುದು ಅವರ ಲೆಕ್ಕ. ಸುಸ್ತು, ಚಳಿ ಇದ್ದರೆ 'ಯಾಂಗ್' ಕುಗ್ಗಿದೆ. ಬೆವರು, ನಡುಕ ಇದ್ದರೆ 'ಯಿನ್' ಬತ್ತಿ ಉಷ್ಣ ಏರಿದೆ ಎನ್ನುತ್ತಾರೆ. ನಾಲಿಗೆ ನೋಡಿ, ನಾಡಿ ಹಿಡಿದು ಮೂಲಿಕೆ ಅಥವಾ ಸೂಜಿ ಚಿಕಿತ್ಸೆ ಕೊಡುತ್ತಾರೆ.

ಇತ್ತ ಹನ್ನೆರಡನೇ ಶತಮಾನದಲ್ಲಿ ಪರ್ಷಿಯಾದ ವೈದ್ಯ ಇಸ್ಮಾಈಲ್ ಜುರ್ಜಾನಿ, ಗಂಟಲು ಊದುವುದಕ್ಕೂ ಕಣ್ಣು ಮುಂದೆ ಚಾಚುವುದಕ್ಕೂ ನಂಟಿದೆ ಎಂದು ಬರೆದಿದ್ದರು. ಯುರೋಪಿನಲ್ಲಿ 1811ರಲ್ಲಿ ಬರ್ನಾರ್ಡ್ ಕೂರ್ತ್ವಾ ಸಮುದ್ರ ಪಾಚಿಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದರು. 1820ರಲ್ಲಿ ಜಿನೀವಾದ ಡಾಕ್ಟರ್ ಕ್ವಾಂಡೆ ಅದನ್ನು ಗಳಗಂಡಕ್ಕೆ ಕೊಟ್ಟರು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ, ಥೈರಾಯ್ಡ್ ಕುಗ್ಗಿ ಸೊರಗಿದ್ದ ಹೆಂಗಸೊಬ್ಬರಿಗೆ ಕುರಿಯ ಗ್ರಂಥಿಯ ಸಾರ ಕೊಟ್ಟರು. ಆಕೆ ಮತ್ತೆ 28 ವರ್ಷ ಬದುಕಿದರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಹಾರ್ಮೋನನ್ನು ಬೇರ್ಪಡಿಸಿದರು. ಈಗಿನ ಮಾತ್ರೆಯಲ್ಲಿರುವುದು ಅದೇ ಹಾರ್ಮೋನ್, ಕಾರ್ಖಾನೆಯಲ್ಲಿ ತಯಾರಾದದ್ದು. ಎಂದರೆ ಅದು ದೇಹಕ್ಕೆ ಹೊಸ ವಸ್ತುವಲ್ಲ, ಗ್ರಂಥಿ ಕೊಡದೇ ಹೋದದ್ದನ್ನು ತುಂಬಿಸುವುದು ಅಷ್ಟೇ.

ಹಾಗಾದರೆ ಪಾಚಿ ತಿಂದರೆ ಆಗದಾ? ಇಲ್ಲೇ ನಾವು ಎಡವುವುದು. ಅಯೋಡಿನ್ ಕೊರತೆಯಿಂದ ಗಂಟಲು ಊದಿದವರಿಗೆ ಪಾಚಿ ಕೆಲಸ ಮಾಡಿತ್ತು. ನಮ್ಮ ದೇಶದಲ್ಲಿ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಈಗ ಉಪ್ಪಿನಲ್ಲೇ ಅಯೋಡಿನ್ ಬರುತ್ತಿದೆ. ಉಪ್ಪಿನಲ್ಲಿ ಅಯೋಡಿನ್ ಸಿಗುವ ಕಡೆ ಥೈರಾಯ್ಡ್ ಕುಗ್ಗಲು ಮುಖ್ಯ ಕಾರಣ ಹಾಶಿಮೊಟೊ ಎಂಬ ರೋಗ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ಡಾಕ್ಟರರ ಹೆಸರೇ ಅದಕ್ಕಿದೆ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಹಾಳು ಮಾಡುತ್ತದೆ. ಇಂಥವರಿಗೆ ಹೆಚ್ಚು ಅಯೋಡಿನ್ ಕೊಟ್ಟರೆ ರೋಗ ಜೋರಾಗಬಹುದು. ಪಾಚಿ ವಿಪರೀತ ತಿನ್ನುವ ಜಪಾನಿನ ಹೊಕ್ಕೈಡೊ ಕರಾವಳಿಯಲ್ಲಿ ಅದರಿಂದಲೇ ಗಂಟಲು ಊದಿದ್ದೂ ಉಂಟು.

ಚೀನಾದಲ್ಲಿ ಗಂಟಲ ಗಡ್ಡೆಗೆ ಬಳಸುವ 'ಹುವಾಂಗ್ ಯಾವೊ ಝಿ' ಎಂಬ ಕಾಡುಗೆಣಸು ಲಿವರ್‌ಗೆ ಹಾನಿ ಮಾಡಿದ ಪ್ರಕರಣಗಳಿವೆ. ಅಲ್ಲಿನ ಆಸ್ಪತ್ರೆಗಳಲ್ಲಿ ಇಂದು ಮೂಲಿಕೆ ಕೊಡುವವರೂ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕುಗ್ಗಿದ ಗ್ರಂಥಿಗೆ ಥೈರಾಕ್ಸಿನ್ ಮಾತ್ರೆಯ ಬದಲಿಗೆ ಮೂಲಿಕೆ ಅಥವಾ ಸೂಜಿ ಸಾಕು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.

ಇನ್ನೊಂದು ಮೋಸ ಇದೆ. ಥೈರಾಕ್ಸಿನ್ ದೇಹದಿಂದ ಅರ್ಧದಷ್ಟು ಕಡಿಮೆಯಾಗಲು ಸುಮಾರು 7 ದಿನ ಬೇಕು. ಮಾತ್ರೆ ಬಿಟ್ಟು ಕ್ಯಾಪ್ಸೂಲ್ ಶುರು ಮಾಡಿದವರಿಗೆ ಮೊದಲ ಕೆಲವು ವಾರ ಏನೂ ಅನಿಸುವುದಿಲ್ಲ. "ನೋಡಿ, ಮದ್ದು ಹಿಡಿಯಿತು" ಎನ್ನುತ್ತಾರೆ. ಆದರೆ ಹಳೆಯ ಮಾತ್ರೆಯ ಬಲದಲ್ಲೇ ದಿನ ಹೋಗಿರುತ್ತದೆ.

ಬಸುರಿಯರ ವಿಷಯದಲ್ಲಿ ಇದು ಇನ್ನೂ ಗಂಭೀರ. ಮೊದಲ ಮೂರು ತಿಂಗಳು ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನಿಂದ. ಮಾತ್ರೆ ತಿನ್ನುತ್ತಿರುವವರು ಗರ್ಭಿಣಿ ಎಂದು ಗೊತ್ತಾದ ಕೂಡಲೇ ಡಾಕ್ಟರರನ್ನು ಕಾಣಬೇಕು. ಹಲವರಿಗೆ ಡೋಸ್ ಹೆಚ್ಚು ಮಾಡಬೇಕಾಗುತ್ತದೆ.

ಮಾತ್ರೆ ತಿನ್ನುವ ಕ್ರಮವೂ ಮುಖ್ಯ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು, ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆಯೇ ಚಾ, ತಿಂಡಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಇರಲಿ. ಕೂದಲಿಗೆಂದು ಬಯೋಟಿನ್ ತಿನ್ನುವವರು ರಕ್ತ ಪರೀಕ್ಷೆಗೆ ಮೊದಲು ಅದನ್ನು ಹೇಳಬೇಕು, ಇಲ್ಲದಿದ್ದರೆ ರಿಪೋರ್ಟ್ ತಪ್ಪಾಗಬಹುದು. ಡೋಸ್ ಬದಲಾದರೆ 6ರಿಂದ 8 ವಾರದ ಬಳಿಕ ಟಿಎಸ್‌ಎಚ್ ನೋಡಿಸಿ. ರಮಝಾನಿನಲ್ಲಿ ಸಹರಿ ಊಟಕ್ಕೆ ಅರ್ಧ ಗಂಟೆ ಮೊದಲು ಎದ್ದು ತೆಗೆದುಕೊಳ್ಳಬಹುದು, ಅಥವಾ ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ. ಯಾವುದು ಸರಿ ಎಂದು ತಿಂಗಳು ಶುರುವಾಗುವ ಮೊದಲೇ ಡಾಕ್ಟರರಲ್ಲಿ ಕೇಳಿಡಿ.

ಮೂಲಿಕೆ ಬೇಕೇ ಬೇಕು ಎನ್ನುವವರು ಕ್ಯಾಪ್ಸೂಲ್ ಬಾಟ್ಲಿಯನ್ನೇ ಡಾಕ್ಟರರ ಮೇಜಿನ ಮೇಲಿಟ್ಟು ಕೇಳಿ. ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ಬಿಡಬೇಡಿ.